ಮತಯಂತ್ರ, ಹುಣಸೆ ಬೀಜ ಮತ್ತು ಒಂದು ಭಾನುವಾರದ ಊಟ

2025ರ ಸೆಪ್ಟೆಂಬರ್ ತಿಂಗಳಲ್ಲಿ ಕರ್ನಾಟಕ ಸಚಿವ ಸಂಪುಟವು, ಸ್ಥಳೀಯ ಸಂಸ್ಥೆಗಳ ಚುನಾವಣೆಗಳನ್ನು ಮತಯಂತ್ರ ಬಿಟ್ಟು ಮತಪತ್ರದ ಮೂಲಕವೇ ನಡೆಸಬೇಕೆಂದು ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಿತು. ಸುದ್ದಿ ಬಂದ ವಾರ ರಾಜಾಜಿನಗರದ ದರ್ಶಿನಿಗಳಲ್ಲಿ ಕಾಫಿ ಲೋಟ ಹಿಡಿದು ನಿಂತವರ ಬಾಯಲ್ಲೂ ಅದೇ ಮಾತು, ವಿಜಯನಗರದ ಮೆಟ್ರೊ ನಿಲ್ದಾಣದ ಮೆಟ್ಟಿಲ ಮೇಲೂ ಅದೇ ಮಾತು. ಒಬ್ಬರು "ಸದ್ಯ, ಬುದ್ಧಿ ಬಂತು" ಎಂದರೆ, ಇನ್ನೊಬ್ಬರು "ಎತ್ತಿನ ಗಾಡಿಗೆ ವಾಪಸು ಹೋಗೋಣ ಬಿಡಿ" ಎಂದರು. ಇಬ್ಬರೂ ಮತಯಂತ್ರವನ್ನು ಬಿಚ್ಚಿ ನೋಡಿದವರಲ್ಲ. ನೋಡಬೇಕೆಂದು ಹಟವೂ ಇದ್ದಂತಿರಲಿಲ್ಲ.

ಅದೇ ತಿಂಗಳು ನಮ್ಮ ಶಾಲೆಯಲ್ಲಿ ಪೋಷಕರ ಸಭೆ. ಬಸವೇಶ್ವರನಗರದ ತಂದೆಯೊಬ್ಬರು ಮಗನ ಅಂಕಪಟ್ಟಿಗೆ ಸಹಿ ಹಾಕಿ, ಎದ್ದು ಹೋಗದೆ ಕುರ್ಚಿಯಲ್ಲೇ ಕುಳಿತರು. "ಮಾರ್ಕ್ಸ್ ವಿಚಾರ ಬಿಡಿ ಸಾರ್. ಇವನೂ ನಮ್ಮಣ್ಣನೂ ಮಾತು ಬಿಟ್ಟಿದ್ದಾರೆ" ಎಂದರು.

ಅಣ್ಣ ಎಂದರೆ ಹುಡುಗನ ದೊಡ್ಡಪ್ಪ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತರಾಗಿ ಕೆಂಗೇರಿಯಲ್ಲಿ ಮನೆ ಮಾಡಿಕೊಂಡವರು. ಪ್ರತಿ ಭಾನುವಾರ ತಮ್ಮನ ಮನೆಗೆ ಊಟಕ್ಕೆ ಬರುವುದು ವಾಡಿಕೆ. ಹುಡುಗನಿಗೆ ಸಾಲ್ಡರಿಂಗ್ ಕಬ್ಬಿಣ ಹಿಡಿಯುವುದನ್ನು ಕಲಿಸಿದವರೂ ಅವರೇ. ಒಂದು ಭಾನುವಾರ ಹುಡುಗ, "ಈ ಮತಯಂತ್ರ ಎಲ್ಲಾ ಮೋಸ ದೊಡ್ಡಪ್ಪ. ಒಂದು ಚಿಪ್ ಬದಲಾಯಿಸಿದರೆ ಮುಗೀತು" ಎಂದನಂತೆ. "ಹಾಗಾದರೆ ನಾವು ಮೂವತ್ತು ವರ್ಷ ಮಾಡಿದ್ದು ಮೋಸದ ಕೆಲಸವೇನೋ?" ಎಂದು ದೊಡ್ಡಪ್ಪ ಅರ್ಧ ಊಟದಲ್ಲೇ ಕೈ ತೊಳೆದುಕೊಂಡು ಎದ್ದರಂತೆ. ಅಂದಿನಿಂದ ಮೂರು ಭಾನುವಾರ ಅವರು ಬಂದಿಲ್ಲ.

ಇದು ಒಂದೇ ಮನೆಯ ಕಥೆಯಲ್ಲವೆಂದು ನಿಮಗೂ ಗೊತ್ತು. ರಾಜಕೀಯ ಮತ್ತು ತಂತ್ರಜ್ಞಾನ ಎರಡೂ ಬೆರೆತ ವಾದ ನಮ್ಮ ಮನೆಗಳಲ್ಲಿ ಬೇಗ ಜಗಳವಾಗುತ್ತದೆ. ಒಬ್ಬರು ಯಂತ್ರದ ಬಗ್ಗೆ ಮಾತಾಡುತ್ತಾರೆ, ಇನ್ನೊಬ್ಬರಿಗೆ ಅದು ತಮ್ಮ ಪಕ್ಷದ ಮೇಲಿನ, ಇಲ್ಲವೇ ತಮ್ಮ ಬದುಕಿನ ಮೇಲಿನ ಮಾತಾಗಿ ಕೇಳಿಸುತ್ತದೆ. ಹಾಗಾದರೆ ವಾದವನ್ನೇ ಬಿಡಬೇಕೇ? ಬೇಡ. ಚೆನ್ನಾಗಿ ವಾದಿಸುವುದನ್ನು ಕಲಿಯಬೇಕು. ಅದಕ್ಕೆ ಮತಯಂತ್ರಕ್ಕಿಂತ ಒಳ್ಳೆಯ ಪಾಠ ನನಗೆ ತೋಚದು.

ಪರವೂರಿನ ಪಾಠ

ನಮ್ಮ ದೇಶದಲ್ಲಿ ಮತಯಂತ್ರ ಮೊದಲು ಬಳಕೆಯಾದದ್ದು 1982ರಲ್ಲಿ, ಕೇರಳದ ಪರವೂರು ವಿಧಾನಸಭಾ ಕ್ಷೇತ್ರದಲ್ಲಿ. ಅಲ್ಲಿನ 84 ಮತಗಟ್ಟೆಗಳ ಪೈಕಿ 50ರಲ್ಲಿ ಯಂತ್ರ ಇಟ್ಟರು. ಸಿ.ಪಿ.ಐ. ಅಭ್ಯರ್ಥಿ ಶಿವನ್ ಪಿಳ್ಳೈ ಯಂತ್ರ ಬೇಡವೆಂದು ಚುನಾವಣೆಗೆ ಮೊದಲೇ ನ್ಯಾಯಾಲಯಕ್ಕೆ ಹೋಗಿದ್ದರು. ಫಲಿತಾಂಶ ಬಂದಾಗ ಗೆದ್ದವರು ಅವರೇ, 123 ಮತಗಳಿಂದ! ಈಗ ಯಂತ್ರ ಸರಿಯಿಲ್ಲವೆಂದು ನ್ಯಾಯಾಲಯಕ್ಕೆ ಹೋಗುವ ಸರದಿ ಸೋತ ಕಾಂಗ್ರೆಸ್ ಅಭ್ಯರ್ಥಿ ಎ.ಸಿ. ಜೋಸ್ ಅವರದಾಯಿತು. 1984ರಲ್ಲಿ ಸುಪ್ರೀಂ ಕೋರ್ಟ್, ಯಂತ್ರ ಬಳಸಲು ಕಾನೂನಿನಲ್ಲಿ ಅವಕಾಶವೇ ಇಲ್ಲವೆಂದು ಹೇಳಿ, ಆ 50 ಮತಗಟ್ಟೆಗಳಲ್ಲಿ ಮತಪತ್ರದಿಂದ ಮರುಮತದಾನ ನಡೆಸಲು ಆದೇಶಿಸಿತು. ಮರುಮತದಾನದಲ್ಲಿ ಜೋಸ್ ಗೆದ್ದರು. ಗಮನಿಸಿ: ಯಂತ್ರ ತಪ್ಪು ಎಣಿಸಿತೆಂದು ನ್ಯಾಯಾಲಯ ಹೇಳಲಿಲ್ಲ. ಕಾನೂನು ಇಲ್ಲವೆಂದಷ್ಟೇ ಹೇಳಿತು. ಅನಂತರ ಸಂಸತ್ತು ಕಾನೂನಿಗೆ ತಿದ್ದುಪಡಿ ತಂದಿತು.

ನಲವತ್ತು ವರ್ಷಗಳಿಂದ ಈ ನಾಟಕ ಪಾತ್ರಧಾರಿಗಳನ್ನು ಬದಲಿಸಿಕೊಂಡು ನಡೆಯುತ್ತಲೇ ಇದೆ. ನಮ್ಮ ಬೆಂಗಳೂರು ಉತ್ತರ ಕ್ಷೇತ್ರದ 1999ರ ಲೋಕಸಭಾ ಚುನಾವಣೆಯ ನಂತರ, ಸೋತ ಮೈಕೇಲ್ ಫರ್ನಾಂಡಿಸ್ ಅವರು ಗೆದ್ದ ಸಿ.ಕೆ. ಜಾಫರ್ ಷರೀಫ್ ಅವರ ವಿರುದ್ಧ ಹೂಡಿದ ದಾವೆಯಲ್ಲಿಯೂ ಮತಯಂತ್ರದ ಪ್ರಶ್ನೆ ಕರ್ನಾಟಕ ಹೈಕೋರ್ಟಿನ ಮುಂದೆ ಬಂತು. ನ್ಯಾಯಾಲಯ ಯಂತ್ರದ ಪರವಾಗಿಯೇ ನಿಂತಿತು. 2009ರಲ್ಲಿ ಸೋತ ಮೇಲೆ ಬಿ.ಜೆ.ಪಿ.ಯ ಎಲ್.ಕೆ. ಆಡ್ವಾಣಿ ಮತಪತ್ರಕ್ಕೆ ಮರಳುವ ಮಾತಾಡಿದರು. 2018ರ ಮಹಾಧಿವೇಶನದಲ್ಲಿ ಕಾಂಗ್ರೆಸ್ಸು ಅದೇ ಮಾತಾಡಿತು. ಗೆದ್ದಾಗ ಯಂತ್ರ ಸತ್ಯಹರಿಶ್ಚಂದ್ರ, ಸೋತಾಗ ಶಕುನಿಯ ದಾಳ!

ಇಲ್ಲಿಂದ ಮಕ್ಕಳಿಗೆ ನಾನು ಕೊಡುವ ಮೊದಲ ಪ್ರಶ್ನೆ: "ನಿನಗೆ ಬೇಕಾದವರು ಗೆದ್ದಿದ್ದರೂ ಇದೇ ಮಾತು ಹೇಳುತ್ತಿದ್ದೆಯಾ?"

ಬೆಳಗಿನ ಅಣಕು ಮತದಾನ

ಮೇಷ್ಟ್ರುಗಳಿಗೆ ಚುನಾವಣೆ ಕೆಲಸ ತಪ್ಪಿದ್ದಲ್ಲ. ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ನಾನು ಕಂಡದ್ದನ್ನು ಹೇಳುತ್ತೇನೆ. ಹಿಂದಿನ ದಿನವೇ ಮಸ್ಟರಿಂಗ್ ಕೇಂದ್ರದಿಂದ ಯಂತ್ರ ಹೊತ್ತು ಮತಗಟ್ಟೆ ಸೇರಿ ಅಲ್ಲೇ ಮಲಗುತ್ತೇವೆ. ಬೆಳಿಗ್ಗೆ ಏಳಕ್ಕೆ ಮತದಾನವೆಂದರೆ ಐದೂವರೆಗೇ ಪಕ್ಷಗಳ ಏಜೆಂಟರ ಎದುರು ಅಣಕು ಮತದಾನ ನಡೆಯಬೇಕು. ಕನಿಷ್ಠ 50 ಮತ ಹಾಕಿ, ಯಂತ್ರದ ಲೆಕ್ಕವನ್ನೂ ವಿವಿಪ್ಯಾಟ್‌ನಲ್ಲಿ ಬಿದ್ದ ಚೀಟಿಗಳನ್ನೂ ತಾಳೆ ನೋಡಿ, ಯಂತ್ರವನ್ನು ಸೊನ್ನೆಗೆ ತಂದು ಮೊಹರು ಮಾಡಬೇಕು. ಸಂಜೆ ಮತದಾನ ಮುಗಿದ ಮೇಲೆ, ಒಟ್ಟು ಎಷ್ಟು ಮತ ಬಿದ್ದವೆಂದು 17ಸಿ ನಮೂನೆಯಲ್ಲಿ ಬರೆದು ಪ್ರತಿ ಏಜೆಂಟರಿಗೂ ನಕಲು ಕೊಡಬೇಕು. ಎಣಿಕೆಯ ದಿನ ಯಂತ್ರದ ಒಟ್ಟು ಮೊತ್ತ ಆ ಹಾಳೆಗೆ ಹೊಂದಬೇಕು.

ಈ ವ್ಯವಸ್ಥೆ ಪಾಪದ್ದಲ್ಲ. ಯಂತ್ರ ಯಾವ ಜಾಲಕ್ಕೂ ಜೋಡಣೆಯಾಗಿಲ್ಲ, ಹಾಗಾಗಿ ಎಲ್ಲೋ ಕುಳಿತು ಗುಂಡಿ ಒತ್ತಿ ಬದಲಿಸುವ ಮಾತಿಲ್ಲ. ಇವುಗಳನ್ನು ತಯಾರಿಸುವವರು ನಮ್ಮ ಬೆಂಗಳೂರಿನ ಬಿ.ಇ.ಎಲ್. ಮತ್ತು ಹೈದರಾಬಾದಿನ ಇ.ಸಿ.ಐ.ಎಲ್., ಎರಡೂ ಸಾರ್ವಜನಿಕ ರಂಗದ ಸಂಸ್ಥೆಗಳು. ಹುಡುಗನ ದೊಡ್ಡಪ್ಪನಂಥವರಿಗೆ ಮತಯಂತ್ರವೆಂದರೆ ಮನೆಯ ಮಗುವಿದ್ದಂತೆ. ಸಿಟ್ಟು ಬಂದದ್ದು ಆಶ್ಚರ್ಯವೇನಲ್ಲ.

ಆದರೆ ಹುಡುಗನ ಮಾತೂ ಗಾಳಿಯಿಂದ ಬಂದದ್ದಲ್ಲ. 2010ರಲ್ಲಿ ಹೈದರಾಬಾದಿನ ಹರಿ ಪ್ರಸಾದ್, ಅಮೆರಿಕದ ಅಲೆಕ್ಸ್ ಹಾಲ್ಡರ್‌ಮನ್ ಮತ್ತು ನೆದರ್ಲೆಂಡ್ಸಿನ ರೋಪ್ ಗೊಂಗ್ರೈಪ್ ಎಂಬ ತಜ್ಞರು ಅಂದಿನ ಒಂದು ಮತಯಂತ್ರವನ್ನು ಪರೀಕ್ಷಿಸಿ, ಯಾರಾದರೂ ಅದನ್ನು ಕೈಗೆ ತೆಗೆದುಕೊಂಡು ಒಳಗಿನ ಭಾಗ ಬದಲಿಸಿದರೆ ಮತಗಳನ್ನೂ ಬದಲಿಸಬಹುದೆಂದು ತೋರಿಸಿದರು. ಮೊಹರು, ಕಾವಲು ಇರುವಾಗ ಹಾಗೆ ಯಂತ್ರ ಕೈಗೆ ಸಿಗುವುದೆಂತು ಎಂಬುದು ಆಯೋಗದ ವಾದವಾಗಿತ್ತು. "ಆಗಬಹುದು" ಎನ್ನುವುದು ಒಂದು ಮಾತು, "ಆಗಿದೆ" ಎನ್ನುವುದು ಬೇರೆ ಮಾತು. ಬೀಗವನ್ನು ಒಡೆಯಬಹುದೆಂದು ತೋರಿಸಿದರೆ ಕಳ್ಳತನವಾಗಿದೆ ಎಂದರ್ಥವಲ್ಲ. ಹಾಗೆಂದು ಬೀಗವನ್ನು ಗಟ್ಟಿ ಮಾಡದೆ ಕೂರುವುದೂ ಜಾಣತನವಲ್ಲ.

ಗಟ್ಟಿ ಮಾಡಿದ್ದು ಹೀಗೆ: ಯಂತ್ರದ ಮಾತಿಗೆ ಕಾಗದದ ಸಾಕ್ಷಿ ಇರಲೇಬೇಕೆಂದು ಸುಬ್ರಮಣಿಯನ್ ಸ್ವಾಮಿ ಅವರ ಮೊಕದ್ದಮೆಯಲ್ಲಿ 2013ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಸಾಕ್ಷಿಯೇ ವಿವಿಪ್ಯಾಟ್. ನೀವು ಗುಂಡಿ ಒತ್ತಿದ ಮೇಲೆ ಗಾಜಿನ ಹಿಂದೆ ಏಳು ಸೆಕೆಂಡು ಕಾಣುವ ಚೀಟಿ ಅದು. ಯಂತ್ರವನ್ನು ಅನುಮಾನಿಸಿದವರಿಂದಲೇ ಅದು ಬಂತೆಂಬುದನ್ನು ಮರೆಯಬಾರದು.

ಎರಡನೆಯ ಪ್ರಶ್ನೆ ಇಲ್ಲಿದೆ: "ನೀನು ಹೇಳುತ್ತಿರುವುದು ಆಗಬಹುದು ಎಂದೋ, ಆಗಿದೆ ಎಂದೋ?"

ಹುಣಸೆ ಬೀಜದ ಲೆಕ್ಕ

ಚೀಟಿ ಬಿದ್ದರೆ ಸಾಲದು, ಅದನ್ನು ಯಾರಾದರೂ ಎಣಿಸಬೇಕು. 2019ರಲ್ಲಿ ಸುಪ್ರೀಂ ಕೋರ್ಟ್, ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು ಎಣಿಸಿ ತಾಳೆ ನೋಡಲು ಆದೇಶಿಸಿತು. ಐದು ಸಾಕೇ? ಊಟದ ತಟ್ಟೆಯ ಮುಂದೆ ಕೂಗಾಡಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಲೆಕ್ಕ ಹಾಕಿದರೆ ಸಿಗುತ್ತದೆ.

ಆ ಹುಡುಗನ ತರಗತಿಗೆ ನಾನು ಒಂದು ಬಟ್ಟೆಚೀಲದಲ್ಲಿ 250 ಹುಣಸೆ ಬೀಜ ತಂದೆ. ಒಂದು ಕ್ಷೇತ್ರದಲ್ಲಿ 250 ಮತಗಟ್ಟೆ ಇವೆ ಎಂದುಕೊಳ್ಳೋಣ. ಅವುಗಳಲ್ಲಿ 25 ಬೀಜಕ್ಕೆ ಬಿಳಿ ಬಣ್ಣದ ಚುಕ್ಕೆ ಇಟ್ಟಿದ್ದೆ. ಅವು ಕೆಟ್ಟ ಯಂತ್ರಗಳು. 40 ಮಕ್ಕಳೂ ಕಣ್ಣು ಮುಚ್ಚಿ ಐದೈದು ಬೀಜ ತೆಗೆದು, ನೋಡಿ, ಮತ್ತೆ ಚೀಲಕ್ಕೆ ಹಾಕಿದರು. ಹದಿನೇಳು ಮಕ್ಕಳ ಕೈಗೆ ಒಂದಾದರೂ ಚುಕ್ಕೆಯ ಬೀಜ ಬಂತು. ಉಳಿದವರಿಗೆ ಬರಲಿಲ್ಲ.

ಆಮೇಲೆ ಕಪ್ಪು ಹಲಗೆಯ ಮೇಲೆ ಗುಣಿಸಿದೆವು. ಹತ್ತರಲ್ಲಿ ಒಂದು ಯಂತ್ರ ಕೆಟ್ಟಿದ್ದರೆ, ಐದನ್ನು ಪರೀಕ್ಷಿಸಿ ಅದನ್ನು ಹಿಡಿಯುವ ಸಂಭವ ನೂರಕ್ಕೆ 41. ಅರ್ಧದಷ್ಟು ಕೆಟ್ಟಿದ್ದರೆ ನೂರಕ್ಕೆ 97. ಒಂದೇ ಒಂದು ಕೆಟ್ಟಿದ್ದರೆ ನೂರಕ್ಕೆ ಬರೀ 2.

"ಹಾಗಾದರೆ ನಾನು ಹೇಳಿದ್ದೇ ಸರಿ, ಐದು ಸಾಲದು" ಎಂದ ಹುಡುಗ.

"ತಾಳು" ಎಂದೆ. ನಮ್ಮ ರಾಜ್ಯದಲ್ಲಿ 224 ವಿಧಾನಸಭಾ ಕ್ಷೇತ್ರಗಳಿವೆ. ಐದರಂತೆ 1120 ಮತಗಟ್ಟೆಗಳ ಪರೀಕ್ಷೆಯಾಯಿತು. ಎಲ್ಲ ಕ್ಷೇತ್ರಗಳಲ್ಲೂ ಹತ್ತರಲ್ಲಿ ಒಂದು ಯಂತ್ರ ಕೆಡಿಸಿದ್ದರೆ, 224 ಕ್ಷೇತ್ರಗಳಲ್ಲೂ ತಪ್ಪಿಸಿಕೊಳ್ಳುವ ಸಂಭವ ಎಷ್ಟು? ದಶಾಂಶ ಬಿಂದುವಿನ ನಂತರ ಐವತ್ತಕ್ಕೂ ಹೆಚ್ಚು ಸೊನ್ನೆ ಬರೆಯಬೇಕು. ಅಂದರೆ ಇಲ್ಲವೆಂದೇ ಅರ್ಥ. ಆಯ್ಕೆ ನಿಜವಾಗಿ ಕುರುಡಾಗಿದ್ದರೆ, ಎಣಿಕೆ ಪ್ರಾಮಾಣಿಕವಾಗಿದ್ದರೆ, ರಾಜ್ಯವ್ಯಾಪಿ ಮೋಸ ಬಯಲಾಗದೆ ಉಳಿಯಲಾರದು. ಒಂದು ಕ್ಷೇತ್ರದ ಮೂಲೆಯಲ್ಲಿ ನಡೆದ ಸಣ್ಣ ಮೋಸ ಉಳಿಯಬಹುದು.

ಸಣ್ಣದೆಂದು ತಳ್ಳಿಹಾಕುವಂತೆಯೂ ಇಲ್ಲ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಮತದ ಅಂತರ! ಹಾಗೆಂದು ಕಾಗದ ಬಂದರೆ ಜಗಳ ಮುಗಿಯುವುದೂ ಇಲ್ಲ. 2023ರಲ್ಲಿ ನಮ್ಮ ಜಯನಗರದಲ್ಲಿ ಗೆಲುವಿನ ಅಂತರ 16 ಮತ. ತಡರಾತ್ರಿಯವರೆಗೆ ಗಲಾಟೆಯಾದದ್ದು ತಿರಸ್ಕೃತ ಅಂಚೆ ಮತಗಳ ಬಗ್ಗೆ, ಎಂದರೆ ಕಾಗದದ ಮತಪತ್ರಗಳ ಬಗ್ಗೆ.

ಹೀಗಾಗಿ ದೊಡ್ಡಪ್ಪ, ಹುಡುಗ ಇಬ್ಬರೂ ಸರಿ, ಬೇರೆಬೇರೆ ಪ್ರಶ್ನೆಗಳಿಗೆ. ಊಟಕ್ಕೆ ಕುಳಿತಾಗ ಆ ಪ್ರಶ್ನೆಗಳನ್ನು ಇಬ್ಬರೂ ಬಿಡಿಸಿ ನೋಡಿರಲಿಲ್ಲ, ಅಷ್ಟೆ.

ಬೆರಳ ಮೇಲಿನ ಶಾಯಿ

ಲೆಕ್ಕಕ್ಕೆ ಸಿಗದ ಇನ್ನೊಂದು ಪ್ರಶ್ನೆಯೂ ಉಂಟು. ಮತ ಹಾಕಿದಾಗ ನಮ್ಮ ಎಡಗೈ ತೋರುಬೆರಳಿಗೆ ಹಚ್ಚುವ ಶಾಯಿಯೂ ತಂತ್ರಜ್ಞಾನವೇ. ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯ ಈ ಶಾಯಿ 1962ರ ಚುನಾವಣೆಯಿಂದ ಬಳಕೆಯಲ್ಲಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಸೇರಿ ಸಿಲ್ವರ್ ಕ್ಲೋರೈಡ್ ಆಗಿ, ಬೆಳಕಿಗೆ ಕಪ್ಪಾಗುತ್ತದೆ. ಸೋಪಿಗೆ ಹೋಗುವುದಿಲ್ಲ. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತು ಬಿಟ್ಟದ್ದನ್ನು ನಾನು ಕೇಳಿಲ್ಲ. ಏಕೆ? ರಸಾಯನಶಾಸ್ತ್ರ ಓದದ ಅಜ್ಜಿಯೂ ಬೆರಳನ್ನು ಉಜ್ಜಿ ತಾನೇ ಪರೀಕ್ಷಿಸಬಲ್ಲಳು.

ಮತಯಂತ್ರ ಹಾಗಲ್ಲ. ತಜ್ಞರು ಸರಿ ಎಂದರೆ ನಾವು ಸರಿ ಎನ್ನಬೇಕು. 2009ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ, ವಿಶೇಷ ಜ್ಞಾನವಿಲ್ಲದ ಸಾಮಾನ್ಯ ಪ್ರಜೆಯೂ ಚುನಾವಣೆಯ ಮುಖ್ಯ ಹಂತಗಳನ್ನು ಪರೀಕ್ಷಿಸುವಂತಿರಬೇಕು ಎಂದು ಹೇಳಿ ಅಲ್ಲಿ ಬಳಸಿದ್ದ ಯಂತ್ರಗಳನ್ನು ಒಪ್ಪಲಿಲ್ಲ. ನಮ್ಮ ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಬೇರೆ ದಾರಿ ಹಿಡಿಯಿತು. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ಒಪ್ಪದೆ, ಎರಡನೆಯ ಮತ್ತು ಮೂರನೆಯ ಸ್ಥಾನ ಪಡೆದ ಅಭ್ಯರ್ಥಿಗಳು ಕೇಳಿದರೆ ಪ್ರತಿ ವಿಧಾನಸಭಾ ಕ್ಷೇತ್ರದ ನೂರಕ್ಕೆ ಐದು ಯಂತ್ರಗಳನ್ನು ತಯಾರಕರ ಎಂಜಿನಿಯರುಗಳಿಂದ ಪರೀಕ್ಷಿಸಲು ಅವಕಾಶ ಕೊಟ್ಟಿತು. ಯಂತ್ರ ಸರಿಯಿರುವುದು ಒಂದು, ಸರಿಯಿದೆಯೆಂದು ಜನ ತಾವೇ ಕಂಡುಕೊಳ್ಳುವುದು ಇನ್ನೊಂದು. ಎರಡೂ ದೇಶಗಳ ನ್ಯಾಯಾಧೀಶರು ತೂಗಿದ್ದು ಇದನ್ನೇ. ಇದು ಭೌತಶಾಸ್ತ್ರದ ಪ್ರಶ್ನೆಯಲ್ಲ, ನಾವು ಎಂಥ ಚುನಾವಣೆ ಬಯಸುತ್ತೇವೆ ಎಂಬ ಪ್ರಶ್ನೆ. ಇಲ್ಲಿ ಒಳ್ಳೆಯವರೂ ಬುದ್ಧಿವಂತರೂ ಭಿನ್ನವಾಗಿ ಯೋಚಿಸಬಹುದು.

ಮೂರನೆಯ ಪ್ರಶ್ನೆಯೊಂದಿಗೆ ಅಂದಿನ ತರಗತಿ ಮುಗಿಸಿದೆ: "ಏನನ್ನು ತೋರಿಸಿದರೆ ನಿನ್ನ ಅಭಿಪ್ರಾಯ ಬದಲಿಸುತ್ತೀಯಾ?" ಏನು ತೋರಿಸಿದರೂ ಬದಲಿಸುವುದಿಲ್ಲ ಎನ್ನುವವನಿಗೆ ಅಭಿಪ್ರಾಯ ಇರುವುದಿಲ್ಲ, ಹಟ ಮಾತ್ರ ಇರುತ್ತದೆ. ಪೋಷಕರಿಗೂ ಇದೇ ಮಾತು. ಮಕ್ಕಳ ಅನುಮಾನವನ್ನು "ನಿನಗೇನು ಗೊತ್ತು" ಎಂದು ಮುಚ್ಚಬೇಡಿ. "ಹೇಗೆ ಗೊತ್ತಾಯಿತು?" ಎಂದು ಕೇಳಿ. ಎರಡೂ ಎರಡೇ ಪದ, ಆದರೆ ಒಂದು ಬಾಗಿಲು ಹಾಕುತ್ತದೆ, ಇನ್ನೊಂದು ತೆಗೆಯುತ್ತದೆ.

ಗಂಟೆ ಹೊಡೆದ ಮೇಲೆ ಹುಡುಗ ಮೇಜಿನ ಹತ್ತಿರ ಬಂದು, "ಸಾರ್, ಚೀಲ ಎರಡು ದಿನ ಬೇಕಿತ್ತು" ಎಂದ. ಕೊಟ್ಟೆ. ಸೋಮವಾರ ಚೀಲ ವಾಪಸು ಬಂತು. ಭಾನುವಾರ ತಾನೇ ಕೆಂಗೇರಿಗೆ ಹೋಗಿದ್ದನಂತೆ. ದೊಡ್ಡಪ್ಪ ಮೊದಲು ಮುಖ ಕೊಟ್ಟು ಮಾತಾಡಲಿಲ್ಲವಂತೆ. ಬೀಜಗಳನ್ನು ಜಗಲಿಯ ಮೇಲೆ ಸುರಿದ ಮೇಲೆ ಕನ್ನಡಕ ಹಾಕಿಕೊಂಡು ಬಂದು ಕುಳಿತರಂತೆ.

"ಒಪ್ಪಿಕೊಂಡರೇನೋ?" ಎಂದು ಕೇಳಿದೆ.

"ಇಲ್ಲ ಸಾರ್. ಯಂತ್ರ ಸರಿಯಾಗೇ ಇದೆ ಅಂತಾನೇ ಹೇಳಿದರು. ಆದರೆ ಐದರ ಬದಲು ಹತ್ತು ತೆಗೆದರೆ ಎಷ್ಟಾಗತ್ತೆ ಅಂತ ಅವರೇ ಲೆಕ್ಕ ಹಾಕಿದರು. ನೂರಕ್ಕೆ 66 ಬಂತು."

"ಮತ್ತೆ?"

"ಮುಂದಿನ ಭಾನುವಾರ ಊಟಕ್ಕೆ ಬರ್ತಾರಂತೆ ಸಾರ್. ಇಪ್ಪತ್ತೈದು ತೆಗೆದು ನೋಡೋಣ ಅಂದರು."