ಹಾಲಿಲ್ಲದ ಇಲಿ ಹೇಳಿದ ಆಕಳ ಗುಟ್ಟು

ಗೊಟಗೋಡಿ ಎಂದರೆ ಹೊರಗಿನವರಿಗೆ ಹೆದ್ದಾರಿ ಪಕ್ಕದ ರಾಕ್ ಗಾರ್ಡನ್, ಜಾನಪದ ವಿಶ್ವವಿದ್ಯಾಲಯ. ಸುತ್ತಲಿನ ಶಿಗ್ಗಾಂವಿ, ಸವಣೂರು, ಹಾನಗಲ್ಲ ಸೀಮೆಯಲ್ಲಿ ಆಕಳು ಕಟ್ಟಿದವರ ಬೆಳಗಿನ ಚಿಂತೆ ಬೇರೆ: ಇವತ್ತು ಡೇರಿಯಲ್ಲಿ ಫ್ಯಾಟ್ ಎಷ್ಟು ಬಂದೀತು? ಒಬ್ಬರ ಹಾಲಿಗೆ ಮೂರೂವರೆ, ಪಕ್ಕದ ಮನೆಯವರ ಹಾಲಿಗೆ ನಾಲ್ಕೂವರೆ ಬಂದರೆ ವಾದ ಶುರು. ‘ಅದರ ತಳೀನ ಹಂಗ’ ಎನ್ನುವವರು ಒಂದು ಕಡೆ, ‘ಹೊಟ್ಟಿಗೆ ಏನ್ ಹಾಕ್ತೀರಿ ಅದನ್ನ ಮೊದಲ ಹೇಳ್ರಿ’ ಎನ್ನುವವರು ಇನ್ನೊಂದು ಕಡೆ.

ವಿಜ್ಞಾನಿಗಳೂ ಈ ಗಂಟು ಬಿಡಿಸಲು ನೂರೈವತ್ತು ವರ್ಷ ತೆಗೆದುಕೊಂಡರು. ಕೊನೆಗೆ ತಳಿಯ ಕಡೆಯ ಸುಳಿವು ಸಿಕ್ಕಿದ್ದು ಕೊಟ್ಟಿಗೆಯಲ್ಲಲ್ಲ, ಇಲಿಯ ಪಂಜರದಲ್ಲಿ.

ಹಾಲಿನ ಕೊಬ್ಬು ಹೇಗಿರುತ್ತದೆ ಎಂದು ಮೊದಲು ನೋಡೋಣ. ಗ್ಲಿಸರಾಲ್ ಎಂಬ ಪುಟ್ಟ ಅಣುವಿಗೆ ಕೊಬ್ಬಿನಾಮ್ಲದ ಮೂರು ಸರಪಳಿಗಳು ಅಂಟಿಕೊಂಡರೆ ಒಂದು ಕೊಬ್ಬಿನ ಅಣು. ಮೂರನೆಯ ಸರಪಳಿಯನ್ನು ಅಂಟಿಸುವ ಕಿಣ್ವದ ಹೆಸರು ಡಿಜಿಎಟಿ-1. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರಾಬರ್ಟ್ ಫರೇಸ್ ತಂಡ 1998ರಲ್ಲಿ ಇದರ ವಂಶವಾಹಿಯನ್ನು ಗುರುತಿಸಿತು. 2000ದಲ್ಲಿ ಆ ವಂಶವಾಹಿಯೇ ಇಲ್ಲದ ಇಲಿಗಳನ್ನು ಹುಟ್ಟಿಸಿತು. ಅವು ಬದುಕಿದವು, ಎಷ್ಟು ತಿಂದರೂ ಬೊಜ್ಜು ಬರಲಿಲ್ಲ. ಬೊಜ್ಜಿನ ಹಿಂದೆ ಬಿದ್ದವರಿಗೆ ಅದೇ ದೊಡ್ಡ ಸುದ್ದಿ. ಮರಿ ಹಾಕಿದ ಹೆಣ್ಣಿಲಿಗಳಿಗೆ ಹಾಲೇ ಬರಲಿಲ್ಲ ಎಂಬುದು ಮಾತ್ರ ಬೇರೆಯವರ ಕಿವಿ ನಿಮಿರಿಸಿತು.

ಅವರು ಬೆಲ್ಜಿಯಂನ ಲಿಯೇಜ್‌ನಲ್ಲಿದ್ದ ಮಿಷೆಲ್ ಜಾರ್ಜ್ ತಂಡದವರು. ನೆದರ್ಲ್ಯಾಂಡ್ಸ್ ಮತ್ತು ನ್ಯೂಜಿಲೆಂಡಿನ ಹೋರಿಗಳ ವಂಶಾವಳಿ, ಅವುಗಳ ಹೆಣ್ಣು ಸಂತಾನದ ಹಾಲಿನ ಲೆಕ್ಕ ಎರಡನ್ನೂ ಎದುರುಬದುರು ಇಟ್ಟು, ಕೊಬ್ಬಿನ ಪ್ರಮಾಣವನ್ನು ಏರಿಳಿಸುವ ಏನೋ ಒಂದು 14ನೆಯ ವರ್ಣತಂತುವಿನ ತುದಿಯಲ್ಲಿದೆ ಎಂಬಲ್ಲಿಗೆ ಅವರು ಬಂದಿದ್ದರು. ಆದರೆ ಆ ತುಂಡಿನಲ್ಲಿ ಹತ್ತಾರು ವಂಶವಾಹಿಗಳು. ಇಲಿಯ ವರದಿ ಓದಿದ ಮೇಲೆ ಯಾವುದನ್ನು ಹಿಡಿಯಬೇಕು ಎಂಬುದು ತಿಳಿಯಿತು. ಡಿಜಿಎಟಿ-1 ಅದೇ ತುಂಡಿನಲ್ಲಿತ್ತು. 2002ರಲ್ಲಿ ಫಲಿತಾಂಶ ಅಚ್ಚಾಯಿತು: ಕಿಣ್ವದ 232ನೆಯ ಸ್ಥಾನದಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ ಇದ್ದರೆ ಕೊಬ್ಬು ಹೆಚ್ಚು, ಅಲನೀನ್ ಇದ್ದರೆ ಕೊಬ್ಬು ಕಡಿಮೆ, ಹಾಲು ಹೆಚ್ಚು. ಡಿಎನ್‌ಎಯಲ್ಲಿ ಅಕ್ಕಪಕ್ಕದ ಎರಡೇ ಅಕ್ಷರಗಳ ಅದಲುಬದಲು. ಅದೇ ವರ್ಷ ಮ್ಯೂನಿಕ್‌ನ ಇನ್ನೊಂದು ತಂಡವೂ ಅಲ್ಲಿಗೇ ಬಂದು ಮುಟ್ಟಿತ್ತು.

ನಮ್ಮ ದನಗಳ ಗತಿ? ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ 2006ರಲ್ಲಿ ಭಾರತದ ತಳಿಗಳನ್ನು ಪರೀಕ್ಷಿಸಿ, ಆಕಳು ಎಮ್ಮೆ ಎರಡರಲ್ಲೂ ಲೈಸೀನ್ ರೂಪವೇ ನೆಲೆಗೊಂಡಿದೆ ಎಂದು ಕಂಡಿತು. ಜವಾರಿ ಆಕಳ ಹಾಲು ಗಟ್ಟಿ ಎಂಬ ಹಿರಿಯರ ಮಾತಿಗೆ ಇದು ಒಂದು ಆಧಾರ. ಆದರೆ ಸಂಭ್ರಮದಲ್ಲಿ ನಾವು ಮರೆಯುವ ಸಂಗತಿ ಒಂದಿದೆ: ಎಲ್ಲವುಗಳಲ್ಲೂ ಒಂದೇ ರೂಪ ಇದ್ದಮೇಲೆ, ಎರಡು ಜವಾರಿ ಆಕಳ ನಡುವಿನ ಫ್ಯಾಟ್ ವ್ಯತ್ಯಾಸಕ್ಕೆ ಈ ವಂಶವಾಹಿಯನ್ನು ದೂರುವಂತಿಲ್ಲ. ಇದರ ಆಟ ಕಾಣುವುದು ಎಚ್‌ಎಫ್ ಮಿಶ್ರತಳಿಗಳಲ್ಲಿ. ಅಲನೀನ್ ರೂಪ ನಮ್ಮ ಕೊಟ್ಟಿಗೆಗೆ ಬರುವುದು ವಿದೇಶಿ ರಕ್ತದ ಜೊತೆಗೇ.

ಇನ್ನು ಮೇವಿನ ಕಡೆ. ಫ್ರಾನ್ಸಿನ ಬೂಸಿಂಗೋ 1845ರಲ್ಲೇ ಬೀಟ್ ಗೆಡ್ಡೆ ತಿಂದ ಆಕಳ ಹಾಲಿನಲ್ಲಿ ಕೊಬ್ಬು ಇಳಿದದ್ದನ್ನು ಬರೆದಿಟ್ಟಿದ್ದ. ಕಾರಣ ಮಾತ್ರ ಯಾರಿಗೂ ಹೊಳೆಯಲಿಲ್ಲ. 1951ರಲ್ಲಿ ಇಂಗ್ಲೆಂಡಿನಲ್ಲಿ ಆಡಿಗೆ ವಿಕಿರಣದ ಗುರುತು ಹಾಕಿದ ಅಸಿಟೇಟ್ ಕೊಟ್ಟು, ಕೆಚ್ಚಲು ಅದರಿಂದಲೇ ಕೊಬ್ಬು ಕಟ್ಟುವುದನ್ನು ಪೊಪ್ಯಾಕ್ ಮತ್ತವನ ಸಂಗಡಿಗರು ತೋರಿಸಿದರು. ಅಸಿಟೇಟ್ ಹುಟ್ಟುವುದು ಹೊಟ್ಟೆಯಲ್ಲಿ ನಾರು ಕೊಳೆತಾಗ; ನಾರಿನ ಮೇವು ಕಡಿಮೆಯಾದರೆ ಅಸಿಟೇಟ್ ಕಡಿಮೆ, ಅದರಿಂದ ಕೊಬ್ಬೂ ಕಡಿಮೆ ಎಂದು ಎಲ್ಲರೂ ನಂಬಿದರು. ಚೆಂದದ ವಿವರಣೆ; ಅಸಿಟೇಟ್ ಕೊಟ್ಟರೂ ಇಳಿದ ಕೊಬ್ಬು ಅಷ್ಟಾಗಿ ಮೇಲೇಳಲಿಲ್ಲ ಎನ್ನುವುದೊಂದೇ ತೊಡಕು.

ಉತ್ತರ ಬಂದದ್ದು 2000ದಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡೇಲ್ ಬೌಮನ್ ತಂಡದಿಂದ. ಹೆಚ್ಚುಕಡಿಮೆ ಅವಳಿಗಳಂತಿರುವ ಎರಡು ಕೊಬ್ಬಿನಾಮ್ಲಗಳನ್ನು ಅವರು ಮೊದಲ ಹೊಟ್ಟೆ ತಪ್ಪಿಸಿ ನೇರವಾಗಿ ನಾಲ್ಕನೆಯ ಹೊಟ್ಟೆಗೆ ಹರಿಸಿದರು, ದಿನಕ್ಕೆ ಬರೀ 10 ಗ್ರಾಂ. ಒಂದರಿಂದ ಏನೂ ಆಗಲಿಲ್ಲ. ಇನ್ನೊಂದನ್ನು ಕೊಟ್ಟ ನಾಲ್ಕೇ ದಿನದಲ್ಲಿ ಹಾಲಿನ ಕೊಬ್ಬು ಶೇ. 40ಕ್ಕೂ ಹೆಚ್ಚು ಕುಸಿಯಿತು. ಕಾಳು, ಹಿಟ್ಟು ಹೆಚ್ಚಾಗಿ ಒಣಮೇವು ಕಡಿಮೆಯಾದಾಗ ಹೊಟ್ಟೆಯ ಸೂಕ್ಷ್ಮಜೀವಿಗಳು ದಾರಿ ಬದಲಿಸಿ ತಯಾರಿಸುವುದು ಇದೇ ಎರಡನೆಯದನ್ನು. ಅದು ರಕ್ತದಲ್ಲಿ ಹರಿದು ಹೋಗಿ ಕೆಚ್ಚಲಿನ ಕೊಬ್ಬು ತಯಾರಿಯನ್ನೇ ಅಡಗಿಸುತ್ತದೆ. ಗೋವಿನಜೋಳ ಧಾರಾಳವಾಗಿ ಬೆಳೆಯುವ ಹಾವೇರಿ ಜಿಲ್ಲೆಯಲ್ಲಿ, ಕಣಕಿ ಕಡಿಮೆ ಮಾಡಿ ನುಚ್ಚು ಸುರಿಯುವವರು ಇದನ್ನು ಗಮನಿಸಬೇಕು. ಹಾಲು ಹೆಚ್ಚಿದಂತೆ ಕಾಣುತ್ತದೆ, ಫ್ಯಾಟ್ ಇಳಿದಿರುತ್ತದೆ. ಮೇವು ಸರಿಪಡಿಸಿದರೆ ಕೆಲವು ವಾರಗಳಲ್ಲಿ ಅದು ಮರಳುತ್ತದೆ, ತಳಿ ಬದಲಿಸುವ ಖರ್ಚಿಲ್ಲ.

ಇಷ್ಟೆಲ್ಲ ಕೊಬ್ಬು ಎಷ್ಟು ಎಂಬುದರ ಮಾತಾಯಿತು. ಯಾವ ಕೊಬ್ಬು ಎಂಬುದನ್ನು ಬಿಡಿಸಿ ನೋಡಿದವರು ಡಚ್ಚರು. ವಾಗೆನಿಂಗೆನ್‌ನ ತಂಡ ಸುಮಾರು 2,000 ಚೊಚ್ಚಲ ಆಕಳ ಹಾಲನ್ನು ಪರೀಕ್ಷಿಸಿ 2007ರಲ್ಲಿ ಬರೆಯಿತು: ಲೈಸೀನ್ ರೂಪದ ಆಕಳ ಹಾಲಿನಲ್ಲಿ ಬೆಣ್ಣೆಯನ್ನು ಗಟ್ಟಿ ಮಾಡುವ ಪಾಮಿಟಿಕ್ ಆಮ್ಲ ಹೆಚ್ಚು, ಅಲನೀನ್ ರೂಪದಲ್ಲಿ ಮೆತ್ತನೆಯ ಉದ್ದ ಸರಪಳಿಗಳು ಹೆಚ್ಚು. ಮುಂದಿನ ಲೆಕ್ಕಗಳಲ್ಲಿ ಕೆಚ್ಚಲು ತಾನೇ ಕಟ್ಟುವ ಗಿಡ್ಡ ಸರಪಳಿಗಳ ಮೇಲೆ ತಳಿಯ ಹಿಡಿತ ಬಿಗಿಯಾಗಿ ಕಂಡಿತು. ರಕ್ತದಿಂದ ಬರುವ 18 ಇಂಗಾಲದ ಸರಪಳಿಗಳಲ್ಲಿ ಹಸಿಮೇವು, ಹತ್ತಿಕಾಳು, ಹಿಂಡಿಯ ಪಾಲೇ ದೊಡ್ಡದು. ಪಾಮಿಟಿಕ್ ಮಾತ್ರ ಎರಡೂ ಕಡೆಯದು, ಸುಮಾರು ಅರ್ಧ ಕೆಚ್ಚಲಿನಲ್ಲಿ ತಯಾರಾಗುತ್ತದೆ, ಉಳಿದರ್ಧ ರಕ್ತದಿಂದ ಬರುತ್ತದೆ.