ಬಾಗಿಲು ತೆರೆಯದ ಅಂಗಡಿ

ಸರಕು ಸಿದ್ಧ; ಕೊಳ್ಳುವವರೂ ಉಂಟು. ಆದರೂ ವ್ಯಾಪಾರ ಮೊದಲಾಗದು. ಏಕೆ?

ಮಲೆನಾಡಿನಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಸಂಸಾರವೊಂದನ್ನು ಕಲ್ಪಿಸಿಕೊಳ್ಳಬಹುದು. ಯಜಮಾನರ ನಿವೃತ್ತಿಗೆ ಇನ್ನೆರಡು ವರ್ಷ. ಮಗಳ ವಿದ್ಯಾಭ್ಯಾಸ ಮುಗಿಯಲು ನಾಲ್ಕು ವರ್ಷ. ಗೃಹಿಣಿ ಹಾಕುವ ಮಾವಿನ ಮಿಡಿ ಉಪ್ಪಿನಕಾಯಿಗೆ ಬಂಧುಬಳಗದಲ್ಲೆಲ್ಲ ಹೆಸರು. ‘ಇದನ್ನು ಮಾರಬಾರದೇಕೆ?’ ಎಂದು ಕೇಳದ ನೆಂಟರಿಲ್ಲ. ಕೊನೆಗೊಮ್ಮೆ ಆಕೆ ಮನಸ್ಸು ಮಾಡುತ್ತಾಳೆ. ಬೇಸಿಗೆಯ ಮೊದಲಲ್ಲಿ ಊರಿನಿಂದ ಅಪ್ಪೆಮಿಡಿ ಬರುತ್ತದೆ. ಉಪ್ಪಿನಲ್ಲಿ ಕೂತು ಸುಕ್ಕುಗಟ್ಟುತ್ತದೆ. ಸಾಸಿವೆ, ಮೆಣಸಿನ ಖಾರ ಹೀರಿಕೊಂಡು ಜಾಡಿ ತುಂಬುತ್ತದೆ. ಮೈದುನನ ಮಗ ಮೊಬೈಲಿನಲ್ಲಿ ವ್ಯಾಪಾರದ ಪುಟವನ್ನೂ ಸಿದ್ಧಪಡಿಸಿಕೊಡುತ್ತಾನೆ.

‘‘ದೊಡ್ಡಮ್ಮ, ಇದೊಂದನ್ನು ಒತ್ತಿದರೆ ಆಯಿತು, ಅಂಗಡಿ ತೆರೆದ ಹಾಗೆ.’’

‘‘ತಾಳಪ್ಪ, ಆ ಚಿತ್ರದಲ್ಲಿ ಬಾಟಲಿಯ ನೆರಳು ಬಿದ್ದಿದೆ.’’

ಚಿತ್ರ ಬದಲಾಗುತ್ತದೆ. ಆಮೇಲೆ ಹೆಸರುಚೀಟಿಯ ಬಣ್ಣ ಹಿಡಿಸುವುದಿಲ್ಲ. ಬಣ್ಣ ಸರಿಹೋದ ಮೇಲೆ ವಿವರಣೆಯ ವಾಕ್ಯ ಸಪ್ಪೆಯೆನಿಸುತ್ತದೆ. ಆಷಾಢದಲ್ಲಿ ಬೇಡವೆಂದು ಶ್ರಾವಣಕ್ಕೆ, ಶ್ರಾವಣದಲ್ಲಿ ಹಬ್ಬಗಳ ಗಡಿಬಿಡಿಯೆಂದು ದಸರೆಗೆ, ದಸರೆಯಿಂದ ದೀಪಾವಳಿಗೆ ಮುಹೂರ್ತ ಸರಿಯುತ್ತ ಹೋಗುತ್ತದೆ. ಮತ್ತೆ ಬೇಸಿಗೆ ಬಂದಾಗ ಮಿಡಿ ತರುವವನು, ‘‘ಈ ಸಲ ಎಷ್ಟು ಬೇಕಮ್ಮಾ?’’ ಎಂದು ಕೇಳುತ್ತಾನೆ. ಆಕೆಯಲ್ಲಿ ಉತ್ತರವಿಲ್ಲ. ಒಂದು ಬಾಟಲಿಯನ್ನೂ ಮಾರದವಳಿಗೆ ಎಷ್ಟು ಬೇಕೆಂಬ ಲೆಕ್ಕ ತಿಳಿಯುವುದಾದರೂ ಹೇಗೆ?

ಆಕೆ ಕಳೆದುಕೊಂಡದ್ದು ಒಂದು ವರ್ಷದ ಲಾಭವನ್ನಷ್ಟೇ ಅಲ್ಲ, ಒಂದು ವರ್ಷದ ತಿಳಿವಳಿಕೆಯನ್ನು.

ಅಚ್ಚುಕಟ್ಟಿನ ಹಿಂದಿನ ಅಳುಕು

ಇದನ್ನು ಸೋಮಾರಿತನವೆಂದು ಕರೆದರೆ ಅನ್ಯಾಯವಾದೀತು. ಸೋಮಾರಿ ಮಾಡಬೇಕಾದ ಕೆಲಸವನ್ನೇ ಮಾಡುವುದಿಲ್ಲ. ಈಕೆ ಮಾಡಿದ ಕೆಲಸವನ್ನೇ ಮತ್ತೆ ಮತ್ತೆ ಮಾಡುತ್ತಾಳೆ. ಮೇಲ್ನೋಟಕ್ಕೆ ಕಾಣುವುದು ಅಚ್ಚುಕಟ್ಟು, ಒಳಗಿರುವುದು ಅಳುಕು.

ಕೆನಡದ ಮನಶ್ಶಾಸ್ತ್ರಜ್ಞರಾದ ಪಾಲ್ ಹ್ಯೂಯಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಪರಿಪೂರ್ಣತೆಯ ಹಂಬಲವನ್ನು ಮೂರು ಬಗೆಯಾಗಿ ವಿಂಗಡಿಸಿದರು. ತಾನು ತಪ್ಪಬಾರದೆಂಬುದು ಒಂದು. ಇತರರು ತಪ್ಪಬಾರದೆಂಬುದು ಇನ್ನೊಂದು. ತನ್ನಿಂದ ತಪ್ಪಾಗುವುದನ್ನು ಲೋಕ ಸಹಿಸದೆಂಬುದು ಮೂರನೆಯದು. 2017ರಲ್ಲಿ ಬ್ರಿಟನ್ನಿನ ಥಾಮಸ್ ಕರನ್ ಮತ್ತು ಆ್ಯಂಡ್ರೂ ಹಿಲ್ ಪ್ರಕಟಿಸಿದ ಅಧ್ಯಯನವು, 1989ರಿಂದ 2016ರವರೆಗೆ ಅಮೆರಿಕ, ಕೆನಡ, ಬ್ರಿಟನ್ನುಗಳ 40,000ಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳ ಉತ್ತರಗಳನ್ನು ಪರಿಶೀಲಿಸಿತು. ಮೂರೂ ಬಗೆ ಹೆಚ್ಚಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಬೆಳೆದದ್ದು ಮೂರನೆಯದು.

ಮೊಬೈಲಿನ ಅಂಗಡಿಯನ್ನು ತಡೆಯುವುದೂ ಈ ಮೂರನೆಯ ಬಗೆಯೇ. ಪೇಟೆಯ ಅಂಗಡಿಗೆ ಅಪರಿಚಿತರು ಬರುತ್ತಾರೆ. ಇಲ್ಲಿ ಮೊದಲು ಇಣುಕಿ ನೋಡುವವರು ನಾದಿನಿ, ಓರಗಿತ್ತಿ, ಹಳೆಯ ಸಹಪಾಠಿ. ‘ಅವರು ಏನೆಂದಾರು?’ ಎಂಬ ಪ್ರಶ್ನೆಗೆ ಹೆದರಿದ ಮನಸ್ಸು ಬಾಟಲಿಯ ನೆರಳನ್ನು ನೆಪವಾಗಿ ಹಿಡಿಯುತ್ತದೆ.

ಕೋರಮಂಗಲದ ಮನೆಯಿಂದ

‘ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು’ ಎಂಬ ಗಾದೆ ಇಂಥ ವ್ಯಾಪಾರಕ್ಕೂ ಸಲ್ಲುತ್ತದೆ. ಕುಂದುಗಳು ತೀರುವವರೆಗೆ ಗಿರಾಕಿಗಳು ಬೇಡವೆಂದರೆ, ಗಿರಾಕಿಗಳು ಬರುವವರೆಗೆ ಕುಂದುಗಳೇ ತಿಳಿಯವು.

2007ರ ಅಕ್ಟೋಬರಿನಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಎಂಬ ತರುಣ ಎಂಜಿನಿಯರರು ಬೆಂಗಳೂರಿನ ಕೋರಮಂಗಲದ ಮನೆಯೊಂದರಲ್ಲಿ ಫ್ಲಿಪ್‌ಕಾರ್ಟ್ ಎಂಬ ಅಂತರಜಾಲದ ಪುಸ್ತಕದಂಗಡಿಯನ್ನು ತೆರೆದರು. ಕುಲನಾಮ ಒಂದೇ ಆದರೂ ಅವರು ಬಂಧುಗಳಲ್ಲ. ಮೊದಲ ಬೇಡಿಕೆ ಆಗಿನ ಆಂಧ್ರಪ್ರದೇಶದ ಮಹಬೂಬ್‌ನಗರದಿಂದ, ಜಾನ್ ವುಡ್ ಬರೆದ ಪುಸ್ತಕವೊಂದಕ್ಕೆ ಬಂದಿತು. ಆ ಪುಸ್ತಕ ಅವರ ಬಳಿ ಇರಲಿಲ್ಲ! ನಗರದ ಅಂಗಡಿಗಳನ್ನು ಅಲೆದು ಒಂದು ಪ್ರತಿಯನ್ನು ಹುಡುಕಿ ತಂದು ಕಳುಹಿಸಿದರು. ಪುಸ್ತಕದಂಗಡಿಯ ಮುಂದೆ ನಿಂತು, ಹೊರಬರುವ ಓದುಗರಿಗೆ ಪುಟದ ಗುರುತಿಗಿಡುವ ಚೀಟಿಗಳನ್ನು ಹಂಚಿ ಪ್ರಚಾರ ಮಾಡಿದರು. ಸರಕು ಮನೆ ಸೇರಿದ ಮೇಲೆ ಹಣ ಕೊಡುವ ಸೌಕರ್ಯವನ್ನು ಅವರು ತಂದದ್ದು 2010ರಲ್ಲಿ. ಆ ಏರ್ಪಾಡಾಗುವವರೆಗೆ ಬಾಗಿಲು ತೆರೆಯುವುದಿಲ್ಲವೆಂದು ಕೂತಿದ್ದರೆ ಮೂರು ವರ್ಷ ವ್ಯರ್ಥವಾಗುತ್ತಿತ್ತು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಸಂಸ್ಥೆ ಅದರ ಶೇಕಡ 77ರಷ್ಟು ಪಾಲಿಗೆ 1,600 ಕೋಟಿ ಡಾಲರುಗಳನ್ನು ತೆತ್ತಿತು.

ಅಮೆರಿಕದ ನಿಕ್ ಸ್ವಿನ್‌ಮರ್ನ್ 1999ರಲ್ಲಿ ಹಿಡಿದ ದಾರಿಯೂ ಇಂಥದೇ. ಅಂತರಜಾಲದಲ್ಲಿ ಜನ ಪಾದರಕ್ಷೆ ಕೊಳ್ಳುವರೇ ಎಂಬುದು ಆತನ ಸಂದೇಹ. ಊರಿನ ಅಂಗಡಿಯ ಜೋಡುಗಳ ಚಿತ್ರ ತೆಗೆದು ಪ್ರಕಟಿಸಿದ. ಬೇಡಿಕೆ ಬಂದಾಗ ಅದೇ ಅಂಗಡಿಯಲ್ಲಿ ಕೊಂಡು ಕಳುಹಿಸಿದ. ಸಂದೇಹ ತೀರಿತು, ಅದೇ ಮುಂದೆ ಜಾಪೋಸ್ ಎಂಬ ಹೆಸರುವಾಸಿಯಾದ ಸಂಸ್ಥೆಯಾಯಿತು.

ಪ್ರತಿಯೊಂದು ಉಪ್ಪಿನಕಾಯಿಯ ಜಾಡಿಯೂ ಕೋಟಿಗಳನ್ನು ತರುವುದೆಂದು ಇದರ ಅರ್ಥವಲ್ಲ. ಕೋಟಿಯಾಗಲಿ, ಕೆಲವು ಸಾವಿರವಾಗಲಿ, ಅರೆಕೊರೆಯ ಮೊದಲ ದಿನವನ್ನು ದಾಟದೆ ಕೈಸೇರದು ಎಂಬುದಷ್ಟೇ ಇದರ ತಾತ್ಪರ್ಯ.

ರಾಜಿ ಕೂಡದ ವಿಷಯಗಳು

ಹಾಗೆಂದು ಎಲ್ಲವನ್ನೂ ‘ಆದಷ್ಟಾಯಿತು’ ಎಂದು ಬಿಡಬಹುದೆ? ಖಂಡಿತ ಕೂಡದು. ಬಾಟಲಿಯಲ್ಲಿ ನೀರಿನ ಪಸೆ ಇರಬಾರದು. ತೂಕ ಕಡಮೆಯಾಗಬಾರದು. ಬಳಸಿದ ಪದಾರ್ಥಗಳ ಹೆಸರು, ತಯಾರಿಸಿದ ದಿನಾಂಕ, ಬೆಲೆ ಸ್ಪಷ್ಟವಾಗಿರಬೇಕು. ಮನೆಯಲ್ಲಿ ಮಾಡಿ ಮಾರುವ ತಿನಿಸಿಗೂ ಆಹಾರ ಸುರಕ್ಷತಾ ಕಾನೂನಿನಂತೆ ನೋಂದಣಿ ಬೇಕು. ಇವುಗಳಲ್ಲಿ ತಪ್ಪಿದರೆ ಕೊಂಡವರ ಆರೋಗ್ಯಕ್ಕೂ ನಂಬಿಕೆಗೂ ಧಕ್ಕೆ.

ಚಿತ್ರದ ನೆರಳು, ಅಕ್ಷರದ ಆಕಾರ, ವಾಕ್ಯದ ಬೆಡಗು ಈ ಜಾತಿಗೆ ಸೇರಿದವಲ್ಲ. ಅವು ಯಾರಿಗೂ ಕೇಡು ಮಾಡವು. ನಾಳೆ ತಿದ್ದಿದರೂ ನಡೆಯುತ್ತದೆ. ಸಾವಿರ ಕರಪತ್ರ ಅಚ್ಚಾದ ಮೇಲೆ ತಪ್ಪು ಕಂಡರೆ ಕಾಗದವೆಲ್ಲ ದಂಡ. ಮೊಬೈಲಿನ ಪುಟದ ತಪ್ಪನ್ನು ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ತಿದ್ದಬಹುದು. ಅಚ್ಚಿನ ಕಾಲದ ಭಯವನ್ನು ಇಲ್ಲಿಗೂ ಹೊತ್ತು ತರಬೇಕಾಗಿಲ್ಲ.

ಹತ್ತು ಮಂದಿ ಸಾಕು

ಅಳುಕನ್ನು ಬುದ್ಧಿವಾದದಿಂದ ಓಡಿಸುವುದು ಕಷ್ಟ. ಗಡುವಿನಿಂದ ಕಟ್ಟಿಹಾಕುವುದು ಸುಲಭ. ಒಂದು ದಿನವನ್ನು ಗೊತ್ತುಮಾಡಿ ಮನೆಯವರಿಗೆಲ್ಲ ತಿಳಿಸಿಬಿಡಬೇಕು. ಚಿತ್ರಕ್ಕೆ ಒಂದು ಬೆಳಗು ಸಾಕು: ಕಿಟಕಿಯ ಬಳಿ, ಬಿಸಿಲು ನೇರವಾಗಿ ಬೀಳದ ಕಡೆ, ಬಿಳಿಯ ಪಂಚೆಯ ಮೇಲೆ ಬಾಟಲಿಯನ್ನಿಟ್ಟು ತೆಗೆದರೆ ಆಯಿತು. ವಿವರಣೆಗೆ ಒಂದು ಸಂಜೆ. ಆಮೇಲೆ ತಿದ್ದುವುದೇನಿದ್ದರೂ ಬಾಗಿಲು ತೆರೆದ ನಂತರ.

ಸಾಧನಗಳಿಗೂ ಕೊರತೆಯಿಲ್ಲ. ಸಣ್ಣ ವ್ಯಾಪಾರಿಗಳಿಗಾಗಿಯೇ ಇರುವ ವಾಟ್ಸ್ಆ್ಯಪ್ ಬಿಸಿನೆಸ್ 2018ರಲ್ಲಿ ಬಂದಿತು. ಸರಕುಗಳ ಚಿತ್ರ, ಬೆಲೆಗಳನ್ನು ತೋರಿಸುವ ಪಟ್ಟಿ 2019ರಲ್ಲಿ ಅದಕ್ಕೆ ಸೇರಿತು. 2016ರಲ್ಲಿ ಮೊದಲಾದ ಯುಪಿಐ ವ್ಯವಸ್ಥೆಯಿಂದ ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಬರುತ್ತದೆ.

ಮೊದಲು ಸುದ್ದಿ ಮುಟ್ಟಿಸಬೇಕಾದದ್ದು ಸಾವಿರ ಮಂದಿಗಲ್ಲ, ಹತ್ತು ಮಂದಿಗೆ. ಅದರಲ್ಲಿಯೂ ಹೊಗಳುವುದೇ ಕರ್ತವ್ಯವೆಂದು ತಿಳಿದ ನೆಂಟರಿಗಲ್ಲ, ಹಣ ಕೊಟ್ಟು ಕೊಳ್ಳುವ ನೆರೆಹೊರೆಯವರಿಗೆ. ಅವರು ಕೇಳಿದ ಪ್ರತಿಯೊಂದು ಪ್ರಶ್ನೆಯನ್ನೂ ಪುಸ್ತಕದಲ್ಲಿ ಬರೆದಿಡಬೇಕು. ‘ಬೆಳ್ಳುಳ್ಳಿ ಹಾಕಿದ್ದೀರಾ?’ ಎಂದು ಮೂವರು ಕೇಳಿದರೆ ಪುಟದಲ್ಲಿ ಸೇರಬೇಕಾದ ಮಾತು ಅದು. ಮುಚ್ಚಳದಿಂದ ರಸ ಸೋರಿತೆಂದು ಒಬ್ಬರು ದೂರಿದರೆ, ಆರು ತಿಂಗಳು ಚಿತ್ರವನ್ನು ತಿದ್ದಿದರೂ ತಿಳಿಯದ ಸಂಗತಿ ಒಂದೇ ದಿನದಲ್ಲಿ ತಿಳಿದಂತಾಯಿತು. ಮೊದಲ ದೋಸೆ ಕಾವಲಿಗೆ ಅಂಟಿತೆಂದು ಯಾವ ಗೃಹಿಣಿಯೂ ಒಲೆ ಆರಿಸುವುದಿಲ್ಲ; ಕಾವು ನೋಡಿಕೊಂಡು ಎರಡನೆಯದನ್ನು ಹುಯ್ಯುತ್ತಾಳೆ.

ಮಲೆನಾಡಿನ ಆ ಗೃಹಿಣಿಯೂ ಒಂದು ಶುಕ್ರವಾರ ದೀಪ ಹಚ್ಚಿ, ಕಣ್ಣು ಮುಚ್ಚಿ, ಅದನ್ನು ಒತ್ತಿಬಿಡುತ್ತಾಳೆನ್ನೋಣ. ಮೊದಲ ದಿನ ಯಾರ ಸುಳಿವೂ ಇಲ್ಲ. ಮೂರನೆಯ ದಿನ ಎರಡು ಬೀದಿಯಾಚೆಯ ಅಪರಿಚಿತೆಯೊಬ್ಬಳಿಂದ ಪ್ರಶ್ನೆ ಬರುತ್ತದೆ: ‘ಕಾಲು ಕಿಲೋ ಬಾಟಲಿ ಇದೆಯೇ? ನಾವು ಮನೆಯಲ್ಲಿ ಇಬ್ಬರೇ.’

ಅರ್ಧ ಕಿಲೋ, ಒಂದು ಕಿಲೋ ಬಾಟಲಿಗಳ ಹೆಸರುಚೀಟಿಯನ್ನು ವರ್ಷವೆಲ್ಲ ತಿದ್ದಿದವಳಿಗೆ ಕಾಲು ಕಿಲೋ ಹೊಳೆದೇ ಇರಲಿಲ್ಲ. ಅದೇ ಸಂಜೆ ಸಣ್ಣ ಬಾಟಲಿಗಳು ಬರುತ್ತವೆ. ಚಿತ್ರದ ಮೂಲೆಯಲ್ಲಿ ಇನ್ನೂ ಒಂದಿಷ್ಟು ನೆರಳಿದೆ. ಅದನ್ನು ಕುರಿತು ಯಾರೂ ಕೇಳುವುದಿಲ್ಲ.

ಮುಂದಿನ ಬೇಸಿಗೆಯಲ್ಲಿ ಮಿಡಿಯವನು ಬಾಗಿಲಲ್ಲಿ ನಿಂತು, ‘‘ಈ ಸಲ ಎಷ್ಟು ಬೇಕಮ್ಮಾ?’’ ಎಂದಾಗ ಆಕೆ, ‘‘ಇರಪ್ಪ, ನೋಡಿ ಹೇಳುತ್ತೇನೆ’’ ಎಂದು ಲೆಕ್ಕದ ಪುಸ್ತಕವನ್ನು ತರಲು ಒಳಗೆ ಹೋಗುತ್ತಾಳೆ.