ನರವೆಂದರೆ ಬರೀ ವೈರ್ ಅಲ್ಲ

ಬೋಧನಾಭ್ಯಾಸದ ಎರಡನೇ ವಾರ ಹತ್ತನೇ ತರಗತಿಗೆ ನರಕೋಶದ ಪಾಠ ಮಾಡಿದೆ. ಬೋಧನೋಪಕರಣವಾಗಿ ಒಯ್ದದ್ದು ಬ್ಯಾಟರಿ, ಬಲ್ಬು, ವೈರು. ವೈರ್ ಬಿಚ್ಚಿ, ಬಲ್ಬು ಆರಿದಾಗ, “ನರರೋಗ ಎಂದರೆ ಇದೇ” ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು: “ವೈರ್ ಕಟ್ ಆದ್ರ ಕೈ ಸುಮ್ನ ಬೀಳಬೇಕಲ್ರೀ ಸರ್? ಹತ್ತಿಗೆ ಎಣ್ಣಿ ಹೊಡದು ಬಂದ ದಿನ ನಮ್ಮಪ್ಪನ ಕೈಕಾಲು ಅದರಾಕ ಹತ್ತಿದ್ವು, ಬಾಯಾಗ ಜೊಲ್ಲು ಸುರೀತಿತ್ತು. ಅದ್ಯಾಕ್ರೀ?”

ಅಪ್ಪ ಈಗ ಆರಾಮ ಇದ್ದಾರಂತೆ. ನನ್ನ ಪಾಠಯೋಜನೆಯಲ್ಲಿ ಮಾತ್ರ ಅವಳಿಗೆ ಉತ್ತರವಿರಲಿಲ್ಲ. ಡಬ್ಬಿಯ ಮೇಲಿನ ಹೆಸರು ಬರೆದು ತಾ ಎಂದೆ. ಮರುದಿನ ತಂದ ಚೀಟಿಯಲ್ಲಿ ‘ಕ್ಲೋರೋಪೈರಿಫಾಸ್’ ಎಂದಿತ್ತು.

ತಪ್ಪಿದ್ದು ನನ್ನ ಹೋಲಿಕೆಯಲ್ಲಿ. ನರಕೋಶದ ಉದ್ದಕ್ಕೂ ಸಂದೇಶ ವಿದ್ಯುತ್ ರೂಪದಲ್ಲಿ ಸಾಗುವುದು ನಿಜ. ಆದರೆ ಎರಡು ನರಕೋಶಗಳು ಸಂಧಿಸುವ ಸಿನಾಪ್ಸ್‌ನಲ್ಲಿ ಸಾಮಾನ್ಯವಾಗಿ ಸುಮಾರು 20 ನ್ಯಾನೋಮೀಟರಿನ ಸಂದು ಇರುತ್ತದೆ. ಅಂಥ 50,000 ಸಂದು ಸೇರಿದರೆ ಒಂದು ಮಿಲಿಮೀಟರ್. ಅದನ್ನು ದಾಟುವುದು ರಾಸಾಯನಿಕ. 1921ರಲ್ಲಿ ಆಟೋ ಲೋವಿ ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಪ್ರಚೋದಿಸಿ ಬಡಿತ ನಿಧಾನಗೊಳಿಸಿದರು. ಅದರಲ್ಲಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದಾಗ, ನರವನ್ನು ಮುಟ್ಟದೆಯೇ ಅದೂ ನಿಧಾನವಾಯಿತು. ಆ ವಸ್ತು ಅಸಿಟೈಲ್‌ಕೋಲಿನ್. (ಈ ಕಥೆಯನ್ನೇ ಹೇಳಿದ್ದರೆ ಬ್ಯಾಟರಿ ಹೊರುವುದು ತಪ್ಪುತ್ತಿತ್ತು.)

ಕೈಕಾಲಿನ ಸ್ನಾಯುಗಳಿಗೆ ನರ ಅಪ್ಪಣೆ ಕೊಡುವುದೂ ಇದರಿಂದಲೇ. ಅಪ್ಪಣೆ ಮುಟ್ಟಿದ ಕೂಡಲೇ ಒಂದು ಕಿಣ್ವ, ಅಸಿಟೈಲ್‌ಕೋಲಿನೆಸ್ಟರೇಸ್, ಅದನ್ನು ಒಡೆದುಹಾಕುತ್ತದೆ. ಈ ಅಳಿಸುವ ಕೆಲಸವನ್ನೇ ನಾನು ಪಾಠದಲ್ಲಿ ಬಿಟ್ಟಿದ್ದೆ. ಕ್ಲೋರೋಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಈ ಕಿಣ್ವವನ್ನು ತಡೆಯುತ್ತವೆ. ಹಳೆಯ ಅಪ್ಪಣೆ ಅಳಿಯದೆ ಉಳಿಯುತ್ತದೆ: ಜೊಲ್ಲು, ಬೆವರು, ಸ್ನಾಯುಗಳ ಅದುರು. ವಿಷ ಹೆಚ್ಚಾದರೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ.

ಮಯಸ್ತೇನಿಯಾ ಗ್ರೇವಿಸ್ ಕಾಯಿಲೆಯಲ್ಲಿ ಇದರ ತಿರುವುಮುರುವು. ದೇಹದ್ದೇ ಪ್ರತಿಕಾಯಗಳು ಸ್ನಾಯುವಿನ ಮೇಲಿನ ಗ್ರಾಹಕಗಳನ್ನು ಕೆಡಿಸುತ್ತವೆ. ಸಂದೇಶ ಬಂದರೂ ಹಿಡಿಯುವವರಿಲ್ಲ. ಕಣ್ಣಿನ ರೆಪ್ಪೆ ಜೋಲುತ್ತದೆ. ಅದಕ್ಕೆ ಕೊಡುವ ಪಿರಿಡೋಸ್ಟಿಗ್ಮಿನ್ ಮಾಡುವುದೂ ಅದೇ ಕಿಣ್ವವನ್ನು ತಡೆಯುವುದನ್ನೇ, ಆದರೆ ಅಳತೆಯಲ್ಲಿ, ಕೆಲವು ಗಂಟೆಗಳ ಮಟ್ಟಿಗೆ.

ಮರುಪಾಠದಲ್ಲಿ ಒಂದು ಸಾಲಿನ ಮಕ್ಕಳು ಸೀಮೆಸುಣ್ಣ ಎಸೆದರು. ಎದುರು ಸಾಲಿನವರು ಹಿಡಿದು ಕೈ ಎತ್ತಿದರು. ಇಬ್ಬರು ಅದನ್ನು ಕಿತ್ತುಕೊಳ್ಳುತ್ತ ಹೋದರು. ಆ ಇಬ್ಬರನ್ನು ಕೂರಿಸಿದೆ. ಎತ್ತಿದ ಕೈಗಳು ಇಳಿಯಲೇ ಇಲ್ಲ.

“ಬರಿಗೈಲೆ ಕಲಸಿದ್ರೂ ಒಳಗ ಹೋಗತೈತೇನ್ರೀ?” ಎಂದು ಅದೇ ಹುಡುಗಿ ಕೇಳಿದಳು. ಚರ್ಮದ ಮೂಲಕವೂ ಹೋಗುತ್ತದೆ ಎಂದೆ. ಉಳಿದ ಅವಧಿಯಲ್ಲಿ ಕೈಗವಸು, ಗಾಳಿಯ ದಿಕ್ಕು, ಹೊಲದ ಬಟ್ಟೆ ಬೇರೆ ಒಗೆಯುವುದು, ಇಷ್ಟೇ ಮಾತಾಡಿದೆವು.